ಮೀಟರ್ ಅಷ್ಟ ಕೆಟ್ಟದ, ಗಾಡಿಗೇನೂ ಆಗಿಲ್ಲ!

ಹೋದ ಶುಕ್ರವಾರ ನಮ್ಮ ಓಣ್ಯಾಗ ಅರಿಶಿಣ ಕುಂಕುಮಕ್ಕ ಕರದಿದ್ರು. ಮುಗಿಸ್ಕೊಂಡು ಹೊಂಟಾಗ ಮಳಿ ಹನಿ ಶುರು ಆತು. ಅಷ್ಟರಾಗ ಮೂಲಿಮನಿ ವೈನಿ ಮಗಳನ್ನ ಟ್ಯೂಷನ್ನಿಂದ ಕರಕೊಂಡು, ಪ್ಯಾಟಿ ಎಲ್ಲಾ ಸುತ್ತಿ, ಅದೇ ದಾರೀಲೆ ಬಂದ್ರು. "ಬರ್ರಿ ಬರ್ರಿ, ಮನೀತನಕ ಬಿಡ್ತೇನಿ" ಅಂತ ನನ್ನ ಬಾಜೂಕ ಕೂಡಿಸ್ಕೊಂಡ್ರು. ವೈನಿ ಗಾಡಿ ಭಾಳ ಛಂದ ಹೊಡೀತಾರ, ಅದರಾಗ ಎರಡು ಮಾತಿಲ್ಲ. ಆದ್ರ ನನ್ನ ಕಣ್ಣು ಸ್ಟೇರಿಂಗ್ ಹಿಂದಿನ ಮೀಟರ್ ಮ್ಯಾಲೆ ಹೋತು. ಇಂಜಿನ್ ಎಷ್ಟು ಕಾಯ್ದದ ಅಂತ ತೋರ್ಸೂ ಮುಳ್ಳು 'ಸಿ' ಅನ್ನೂ ಅಕ್ಷರದ ಬುಡಕ್ಕ ಹಾಸಿಗಿ ಹಾಸ್ಕೊಂಡು ಮಲಗಿತ್ತು. ಮುಕ್ಕಾಲು ತಾಸು ಓಡಿದ ಗಾಡಿ ಅದು. ಅದರ ಮುಳ್ಳು ಅಲ್ಲಿರಬಾರದು.

"ವೈನಿ, ಇದು ಯಾಕ ಮ್ಯಾಲೆ ಏಳವಲ್ದು?" ಅಂದೆ.

"ಅಯ್ಯ, ಅದಾ? ದೀಪಾವಳಿಯಿಂದ ಹಂಗಽ ಅದರೀ. ಮೀಟರ್ ಅಷ್ಟ ಕೆಟ್ಟದ, ಗಾಡಿಗೇನೂ ಆಗಿಲ್ಲ ಅಂತ ನಿಮ್ಮ ಅಣ್ಣಾರು ಹೇಳ್ಯಾರ" ಅಂದ್ರು.

ಕೇಳಿ ನನ್ನ ಎದಿ ಧಸಕ್ ಅಂತು. ಯಾಕಂದ್ರ ಇದೇ ಮಾತು, ಒಂದಕ್ಷರ ಹೆಚ್ಚಿಲ್ಲ ಒಂದಕ್ಷರ ಕಡಿಮಿ ಇಲ್ಲ, ನಮ್ಮನ್ಯಾಗ ಎಂಟು ತಿಂಗಳು ಓಡಾಡಿತ್ತು. ಕಡೀಕ ಇಪ್ಪತ್ನಾಲ್ಕು ಸಾವಿರ ರೂಪಾಯಿ ತೊಗೊಂಡು ಹೋತು. ಅದಕ್ಕ ಇವತ್ತ ಅಡಗಿ ಮಾತು, ಹಬ್ಬದ ಮಾತು ಬಾಜೂಕಿಟ್ಟು ಇದನ್ನ ಬರೀಲಿಕತ್ತೇನಿ. "ಗಾಡಿ ಮಾತು ನಮಗ್ಯಾಕ" ಅಂತ ಹೊಳ್ಳಿ ಹೋಗಬ್ಯಾಡ್ರಿ. ಗಾಡ್ಯಾಗ ಕೂಡೂವರು ನಾವೂ ಹೌದಲ್ಲ?

ನಮ್ಮದು ಹದಿನೆಂಟು ವರ್ಷದ ಹಳೇ ಡೀಸೆಲ್ ಗಾಡಿ, ಮಾವನವರು ತೊಗೊಂಡಿದ್ದು. ಅದರ ಮ್ಯಾಲೆ ಮನಿ ಮಂದೀಗೆಲ್ಲಾ ಒಂದು ಮಾಯೆ. ಹೋದ ವರ್ಷ ಮಳಿಗಾಲದಾಗ ಇಂಜಿನ್ ಹತ್ರ ಎಲ್ಲೋ ನೀರು ಜಿನುಗ್ತದ ಅಂತ ಗ್ಯಾರೇಜಿಗೆ ಬಿಟ್ಟಿದ್ವಿ. ಸೋರೂದು ನಿಂತು ಗಾಡಿ ಮನಿಗೆ ಬಂತು. ಬಂದ ಮರುದಿವಸದಿಂದ ಮುಳ್ಳು ಮ್ಯಾಲೆ ಏಳೂದು ಬಿಡ್ತು. ನಮ್ಮನಿಯವರು ಗ್ಯಾರೇಜಿಗೆ ಫೋನ್ ಮಾಡಿ ಕೇಳಿದ್ರು. "ಹಳೇ ಗಾಡಿ ಅಲ್ರೀ ಸರ್, ಮೀಟರ್ ಹೋಗಿರ್ತದ, ನೀವು ಆರಾಮ ಓಡಸ್ರಿ" ಅಂತ ಉತ್ತರಾ ಬಂತು. ನಾವೂ ಆರಾಮ ಓಡಿಸಿದ್ವಿ. ನಾನೇನು ಶಾಣ್ಯಾಕಿ ಅಲ್ಲ, ನಾನೂ ಸುಮ್ಮ ಕೂತೆ.

ಮಾರ್ಚ್ ತಿಂಗಳದಾಗ ಅತ್ತಿಯವರನ್ನ ಕರಕೊಂಡು ಗೋಕರ್ಣಕ್ಕ ಹೋಗಿದ್ವಿ. ಹೋಗಬೇಕಾರ ಘಟ್ಟ ಇಳಿಯೂದು, ಏನೂ ತ್ರಾಸ ಆಗಲಿಲ್ಲ. ಬರಬೇಕಾರ ಅಂಕೋಲಾ ದಾಟಿ ಅರಬೈಲ್ ಘಟ್ಟ ಹತ್ತಬೇಕಲ್ಲ, ಮಟಮಟ ಮಧ್ಯಾಹ್ನ, ಮುಂದ ಸಾಲು ಲಾರಿ, ಒಳಗ ಎಸಿ, ಗಾಡಿ ಎರಡನೇ ಗೇರಿನಾಗ ಏದುಸಿರು ಬಿಡ್ಕೋತ ಹತ್ಲಿಕತ್ತಿತ್ತು. ಹಿಂದ ಕೂತಿದ್ದ ಅತ್ತಿಯವರು ಮೂಗು ಅರಳಿಸಿ, "ಅಲ್ಲಽ, ಬೆಲ್ಲದ ಪಾಕ ತಳಾ ಹಿಡಧಂಗ ವಾಸನಿ ಬರ್ಲಿಕತ್ತದಲ್ಲ" ಅಂದ್ರು.

ನಮ್ಮನಿಯವರು ಏನಂದ್ರು ಗೊತ್ತದನು? "ಲಾರಿ ಬ್ರೇಕಿನ ವಾಸನಿ ಇರಬೇಕವ್ವಾ. ನಮ್ಮದೇನಿಲ್ಲ. ನೋಡಿಲ್ಲೆ, ಮುಳ್ಳು ತಳದಾಗಽ ಅದ."

ಈ ಮಾತನ್ನ ಸ್ವಲ್ಪ ನಿಂತು ನೋಡ್ರಿ. ಮುಳ್ಳು ಸತ್ತು ಎಂಟು ತಿಂಗಳಾಗ್ಯದ ಅಂತ ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆದ್ರೂ ಹೆದರಿಕಿ ಬಂದ ಕೂಡಲೇ ಕಣ್ಣು ಅಲ್ಲೇ ಹೋತು, ಅಲ್ಲಿಂದಽ ಧೈರ್ಯಾ ತೊಗೊಂತು. ಮೀಟರ್ ಇಲ್ಲದ ಗಾಡಿಗೂ ಮೀಟರ್ ಕೆಟ್ಟ ಗಾಡಿಗೂ ಇರೂ ವ್ಯತ್ಯಾಸ ಇದಽ. ಇಲ್ಲದ್ದು ಏನೂ ಹೇಳೂದಿಲ್ಲ. ಆವಾಗ ಮನಷ್ಯಾ ಮೂಗು, ಕಿವಿ ಎಚ್ಚರ ಇಟ್ಟಿರ್ತಾನ. ಕೆಟ್ಟದ್ದು ಸುಮ್ಮ ಕೂಡೂದಿಲ್ಲ. "ತಣ್ಣಗದ, ತಣ್ಣಗದ" ಅಂತ ಹಗಲೂ ರಾತ್ರಿ ಸುಳ್ಳು ಹೇಳ್ತಿರ್ತದ. ಸುಳ್ಳು ಅಂತ ಗೊತ್ತಿದ್ರೂ ನಾವು ನಂಬ್ತೇವಿ, ಯಾಕಂದ್ರ ಅದು ನಮಗ ಬೇಕಾದ ಮಾತನ್ನಽ ಹೇಳ್ತದ.

ಎರಡು ತಿರುವು ದಾಟೂದ್ರಾಗ ಗಾಡಿ ಎಳೀಲಿಲ್ಲ, ಬಾನೆಟ್ ಸಂದಿಯಿಂದ ಬಿಳೇ ಉಗಿ ಎದ್ದಿತು. ಬಾಜೂಕ ನಿಲ್ಲಿಸಿದ್ವಿ. ನಮ್ಮನಿಯವರು ಟವೆಲ್ ತೊಗೊಂಡು ರೇಡಿಯೇಟರ್ ಮುಚ್ಚಳಾ ತಿರುವಲಿಕ್ಕೆ ಕೈ ಹಾಕಿದ್ರು. ನಾ ಓಡಿ ಹೋಗಿ ಕೈ ಹಿಡದೆ. "ಕುಕ್ಕರ್ ಗಾಳಿ ಹೋಗೂಕ್ಕಿಂತ ಮೊದ್ಲ ಯಾರರ ಮುಚ್ಚಳಾ ತಗೀತಾರೇನ್ರೀ?" ಅಂದೆ. ಹಿಂದ ಬಂದ ಲಾರಿ ಡ್ರೈವರೊಬ್ಬರು ಇಳದು ಬಂದು ಅದೇ ಮಾತು ಹೇಳಿದ್ರು. ಒಂದು ತಾಸು ಕಲ್ಲಿನ ಮ್ಯಾಲೆ ಕೂತ್ವಿ. ಅತ್ತಿಯವರು ಪ್ರಸಾದದ ಬಾಳೆಹಣ್ಣು ಎಲ್ಲಾರಿಗೂ ಹಂಚಿದ್ರು. ಆಮ್ಯಾಲೆ ಗಾಡಿ ಎಳಸ್ಕೊಂಡು ಯಲ್ಲಾಪುರ.

ಆಗಿದ್ದೇನಪಾ ಅಂದ್ರ, ರೇಡಿಯೇಟರಿಂದ ಬರೂ ಕೆಳಗಿನ ರಬ್ಬರ್ ಪೈಪ್ ಸೀಳಿತ್ತು. ಕೂಲಂಟ್ ಎಲ್ಲಾ ರಸ್ತೆ ಪಾಲು. ಆ ಬೆಲ್ಲದ ವಾಸನಿ ಕೂಲಂಟಿಂದಽ. ಅದರಾಗಿರೂ ಗ್ಲೈಕಾಲ್ ಸಿಹಿ ವಾಸನಿ ಬರ್ತದ. ಪೈಪಿನ ರೊಕ್ಕ ಎಷ್ಟು? ಮೂರ್ನೂರೈವತ್ತು. ಆದ್ರ ನೀರಿಲ್ಲದ ಹತ್ತಿದ ಇಂಜಿನ್ನಿನ ಮ್ಯಾಲಿನ ಭಾಗ, ಹೆಡ್ ಅಂತಾರಲ್ಲ, ಅದು ಕಾವಿಗೆ ಸೊಟ್ಟಾಗಿತ್ತು. ಅದರ ಕೆಳಗಿನ ಗ್ಯಾಸ್ಕೆಟ್ ಸುಟ್ಟಿತ್ತು. ಹೆಡ್ ಬಿಚ್ಚಿ, ಮಟ್ಟಸ ಮಾಡಿಸಿ, ಗ್ಯಾಸ್ಕೆಟ್ ಹಾಕಿ ಇಪ್ಪತ್ನಾಲ್ಕು ಸಾವಿರ. ಮುಳ್ಳು ಸರಿ ಇದ್ದಿದ್ರ ಪೈಪ್ ಸೀಳಿದ ಸ್ವಲ್ಪ ಹೊತ್ತಿನಾಗ 'ಎಚ್' ಕಡೆ ಏರ್ತಿತ್ತು, ನಾವು ಅಲ್ಲೇ ನಿಲ್ಲಸ್ತಿದ್ವಿ.

ಇಷ್ಟಕ್ಕೂ ಮುಗೀಲಿಲ್ಲ. ಗಾಡಿ ರಿಪೇರಿ ಆಗಿ ಮನಿಗೆ ಬಂತು, ಮುಳ್ಳು ಮಾತ್ರ ಮತ್ತ ಅಲ್ಲೇ ಮಲಗಿತ್ತು! ನಮ್ಮ ಮೊದಲಿನ ಗ್ಯಾರೇಜಿಗೆ ಒಯ್ದು ಕೇಳಿದ್ರ, "ಪೂರಾ ಮೀಟರ್ ಸೆಟ್ ಬದಲ ಮಾಡಬೇಕ್ರಿ, ಏಳೆಂಟು ಸಾವಿರ ಆಗ್ತದ" ಅಂದ್ರು. "ಮೀಟರ್ ಕೆಟ್ಟದ ಅಂತ ಹೆಂಗ ಗೊತ್ತಾತು? ಏನು ಪರೀಕ್ಷಾ ಮಾಡಿದ್ರಿ?" ಅಂತ ಕೇಳ್ದೆ. ಆ ಮನಷ್ಯಾ ನನ್ನ ಕಡೆ ನೋಡ್ಲಿಲ್ಲ, ನಮ್ಮನಿಯವರ ಕಡೆ ನೋಡಿ ನಕ್ಕ. ಆ ನಗಿ ನೋಡೇ ನಾ ಹಟಕ್ಕ ಬಿದ್ದೆ.

ನಮ್ಮ ಸ್ವಾದರಮಾವ ಸರಕಾರಿ ಬಸ್ ಡಿಪೋದಾಗ ಮೂವತ್ತು ವರ್ಷ ಇಂಜಿನ್ ಬಿಚ್ಚಿದವರು. ಅವರಿಗೆ ಫೋನ್ ಹಚ್ಚಿದೆ. "ತಂಗೀ, ಮೊದ್ಲ ಒಂದು ಮಾತು ತಿಳ್ಕೊ. ಮುಳ್ಳು ತಪ್ಪು ತೋರಸ್ತದ ಅಂದ್ರ ಮೂರು ಕಡೆ ನೋಡಬೇಕು. ಅಳೆಯೂದು, ಒಯ್ಯೂದು, ತೋರ್ಸೂದು. ಊಹಾ ಮಾಡಿ ಸಾಮಾನು ಕೊಳ್ಳಬ್ಯಾಡ, ಒಂದೊಂದ ಬಿಡಿಸಿ ನೋಡು" ಅಂದ್ರು. ಅವರು ಹೇಳಿದ್ದನ್ನ ನಮ್ಮ ಭಾಷಾದಾಗ ಹೇಳ್ತೇನಿ.

ಇಂಜಿನ್ ಸುತ್ತ ಕೂಲಂಟ್ ತಿರಗ್ತಿರ್ತದ. ಕಾವು ಹೀರ್ಕೊಂಡು ರೇಡಿಯೇಟರಿಗೆ ಹೋಗಿ ಆರಿ ಮತ್ತ ಒಳಗ ಬರ್ತದ. ನಡುವ ಥರ್ಮೋಸ್ಟ್ಯಾಟ್ ಅಂತ ಒಂದು ಬಾಗಲಾ ಇರ್ತದ, ಅದರಾಗ ಮೇಣ. ಸುಮಾರು 82ರಿಂದ 88 ಡಿಗ್ರಿಗೆ ಮೇಣ ಕರಗಿ ಉಬ್ಬಿ ಬಾಗಲಾ ತಗೀತದ. ಹಿಂಗಾಗಿ ಆರೋಗ್ಯದ ಇಂಜಿನ್ 90ರ ಆಸುಪಾಸಿನಾಗ ನಿಲ್ತದ, ಮುಳ್ಳು ನಟ್ಟನಡುವ. ನಮ್ಮ ಧಾರವಾಡ ಎತ್ತರದಾಗ ಇರೂದ್ರಿಂದ ಇಲ್ಲೆ ತೆರೆದ ಪಾತೇಲಿಯೊಳಗ ನೀರು 97–98 ಡಿಗ್ರಿಗೇ ಕುದೀತದ. ಹಂಗಾದ್ರ ಇಂಜಿನ್ ನೀರು ಯಾಕ ಲಗೂನ ಕುದಿಯೂದಿಲ್ಲ? ಕುಕ್ಕರಿನ ಲೆಕ್ಕಾನಽ. ಕುಕ್ಕರ್ ಸೀಟಿ ಉಗಿ ಒತ್ತಿ ಹಿಡದು ಒಳಗಿನ ನೀರನ್ನ 120 ಡಿಗ್ರಿ ಸುಮಾರಿಗೆ ಒಯ್ತದ, ಅದಕ್ಕ ಬ್ಯಾಳಿ ಬೇಯ್ತದ. ರೇಡಿಯೇಟರ್ ಮುಚ್ಚಳಾನೂ ಹಂಗ ಒತ್ತಿ ಹಿಡೀತದ. ಬಿಸಿ ಇದ್ದಾಗ ಅದನ್ನ ತಗದ್ರ ಒಳಗಿನ ನೀರು ಒಮ್ಮೆಲೆ ಉಗಿಯಾಗಿ ಮಾರಿ ಮ್ಯಾಲೆ ಬರ್ತದ. ಎಷ್ಟೋ ಮಂದಿ ಕೈ ಮಾರಿ ಸುಟ್ಕೊಂಡಿದ್ದು ಹಿಂಗಽ.

ಈಗ ಮಾವಾ ಹೇಳಿದ ಮೂರು ಕಡೆ. ಅಳೆಯೂದು ಅಂದ್ರ ಸೆನ್ಸರ್. ಹೆಬ್ಬಟ್ಟಿನಷ್ಟು ಹಿತ್ತಾಳಿ ಬೋಲ್ಟು, ಅದರ ತುದಿ ಕೂಲಂಟಿನಾಗ ಮುಳುಗಿರ್ತದ. ಥಂಡ್ ಇದ್ದಾಗ ಅದು ಕರೆಂಟಿಗೆ ಭಾಳ ಅಡ್ಡ ಬರ್ತದ, ಕಾಯ್ದಷ್ಟು ಅಡ್ಡ ಬರೂದು ಕಡಿಮಿ ಮಾಡ್ತದ. ಒಯ್ಯೂದು ಅಂದ್ರ ವೈರು, ಫ್ಯೂಸು, ಅರ್ಥಿಂಗು. ತೋರ್ಸೂದು ಅಂದ್ರ ನಮ್ಮ ಕಣ್ಣಮುಂದಿನ ಮೀಟರ್. ನಮ್ಮಂಥಾ ಹಳೇ ಗಾಡ್ಯಾಗ ಮೀಟರಿನ ಸೆನ್ಸರಿಗೆ ಒಂದಽ ವೈರು. ಕರೆಂಟು ವೈರಿನಿಂದ ಬಂದು, ಸೆನ್ಸರ್ ದಾಟಿ, ಅದರ ಮರಿ ಮೂಲಕ ಇಂಜಿನ್ನಿನ ಲೋಹಕ್ಕ ಇಳದು ಹೋಗಬೇಕು. ಈ ಕಡೀ ಮಾತು ಮನಸ್ಸಿನಾಗ ಇಟ್ಕೋರಿ, ನಮ್ಮ ಕಥಿ ಅಲ್ಲೇ ಮುಗೀತದ.

ಒಂದು ಆಯಿತವಾರ ಮುಂಜಾನೆ, ಗಾಡಿ ರಾತ್ರಿಯೆಲ್ಲಾ ನಿಂತು ಪೂರಾ ತಣ್ಣಗಾಗಿತ್ತು. ಡಿಪ್ಲೊಮಾ ಓದೂ ಮಗಳು ತನ್ನ ಮಲ್ಟಿಮೀಟರ್ ತಂದ್ಲು. ನಾ ನೈಟಿ ಮ್ಯಾಲೆ ಹಳೇ ಏಪ್ರನ್ ಕಟ್ಕೊಂಡೆ. ನಮ್ಮನಿಯವರು ಪೇಪರ್ ಹಿಂದ ಕೂತು ನೋಡಿಯೂ ನೋಡಧಂಗ ಇದ್ರು.

ಮೊದ್ಲ ಕೂಲಂಟ್ ಎಷ್ಟದ ನೋಡಿದ್ವಿ. ಇದು ಎಲ್ಲಾಕ್ಕಿಂತ ಮೊದ್ಲ, ಯಾಕಂದ್ರ ಕೂಲಂಟ್ ಇಳದು ಸೆನ್ಸರ್ ತುದಿ ಗಾಳಿಯಾಗ ಉಳಿದ್ರ ಅದು ತಪ್ಪು ಹೇಳ್ತದ. ನಡುವ ಇದ್ದ ಮುಳ್ಳು ಓಡ್ತಾ ಓಡ್ತಾ ಧಪ್ಪನ ತಳಕ್ಕ ಬಿದ್ರ "ಅಬ್ಬಾ, ತಣ್ಣಗಾತು" ಅಂತ ತಿಳೀಬ್ಯಾಡ್ರಿ. ನೀರೆಲ್ಲಾ ಸೋರಿರಬಹುದು, ನಿಲ್ಲಿಸಿ ನೋಡ್ರಿ. ನಮ್ಮದು ತುಂಬಿತ್ತು. ಆಮ್ಯಾಲೆ ಪೆಟ್ರೋಲ್–ಡೀಸೆಲ್ ತೋರ್ಸೂ ಮುಳ್ಳು ಸರಿ ಅದನೋ ಇಲ್ಲೋ ನೋಡಿದ್ವಿ. ಅದೂ ಇದೂ ಎರಡೂ ಒಮ್ಮೆಲೆ ತಪ್ಪು ತೋರಿಸಿದ್ರ ತಪ್ಪು ಮೀಟರಿಗೆ ಕರೆಂಟ್ ಕೊಡೂ ಕಡೆ, ಫ್ಯೂಸು, ಅರ್ಥಿಂಗಿನಾಗ ಇರ್ತದ. ನಮ್ಮ ಡೀಸೆಲ್ ಮುಳ್ಳು ಸರಿ ಇತ್ತು.

ಮುಂದಿನದು ಮುಖ್ಯ ಪರೀಕ್ಷಾ. ಇಂಜಿನ್ ಬಂದ್, ಕೀಲಿ ಅಷ್ಟ ಆನ್. ಸೆನ್ಸರಿನ ವೈರು ಬಿಚ್ಚಿ, ಅದರ ತುದೀನ್ನ ಇಂಜಿನ್ನಿನ ಬರೇ ಲೋಹಕ್ಕ ಕಣ್ಣುಮಿಟಕಿಸೂ ಹೊತ್ತು ಮುಟ್ಟಿಸಿದೆ. ಒಳಗ ಕೂತಿದ್ದ ಮಗಳು "ಆಯೀ! ಎದ್ದಿತು!" ಅಂತ ಚೀರಿದ್ಲು. ಎಂಟು ತಿಂಗಳು ಮಲಗಿದ್ದ ಮುಳ್ಳು 'ಎಚ್' ಕಡೆ ಹೊಂಟಿತ್ತು. ತಕ್ಷಣ ವೈರು ತಗದೆ. ಮುಟ್ಟಿಸೇ ಇಟ್ರ ಮೀಟರ್ ಸುಟ್ಟು ಹೋದೀತು. ಇದರರ್ಥ ಏನು? ಮೀಟರ್ ಛೋಲೋ ಅದ. ವೈರೂ ಛೋಲೋ ಅದ. ಆ ಏಳೆಂಟು ಸಾವಿರದ ಮೀಟರ್ ಸೆಟ್ ಹಾಕಿಸಿದ್ರ, ಹೊಸಾ ಮುಳ್ಳೂ ಅಲ್ಲೇ ಮಲಗ್ತಿತ್ತು!

ಇಲ್ಲೊಂದು ಮಾತು ಕಟ್ಟುನಿಟ್ಟಾಗಿ ಹೇಳ್ತೇನಿ. ಈ ವೈರು ಮುಟ್ಟಿಸೂ ಆಟ ಒಂದು ವೈರಿನ ಹಳೇ ಗಾಡಿಗೆ ಅಷ್ಟ. ಈಗಿನ ಗಾಡ್ಯಾಗ ಸೆನ್ಸರಿಗೆ ಎರಡು ವೈರು ಇದ್ದು, ಅವು ಗಾಡಿ ಕಂಪ್ಯೂಟರಿಗೆ ಹೋಗ್ತಾವ. ಅಲ್ಲಿ ಹಿಂಗ ಮುಟ್ಟಿಸಬ್ಯಾಡ್ರಿ. ಅದಕ್ಕ ಸ್ಕ್ಯಾನರ್ ಹಚ್ಚಿ ನೋಡೂದಽ ಸರಿ. ಖಾತ್ರಿ ಇಲ್ಲಂದ್ರ ಆಟೋ ಎಲೆಕ್ಟ್ರಿಷಿಯನ್ನನ್ನ ಕರದು, ಬಾಜೂಕ ನಿಂತು ನೋಡ್ರಿ.

ಉಳದಿದ್ದು ಸೆನ್ಸರ್. ಅದನ್ನ ಪಾನಾ ಹಚ್ಚಿ ಬಿಚ್ಚಿದ್ವಿ, ಕೆಳಗ ಹಳೇ ಡಬರಿ ಹಿಡದು ಸೋರಿದ ಕೂಲಂಟ್ ಹಿಡಕೊಂಡ್ವಿ. ಕೂಲಂಟ್ ವಿಷ, ಆದ್ರ ಸಿಹಿ. ನಾಯಿ, ಸಣ್ಣ ಹುಡುಗ್ರು ನೆಕ್ಕಿಬಿಡ್ತಾವ, ಅದಕ್ಕ ನೆಲದ ಮ್ಯಾಲೆ ಬಿಡಬಾರದು. ಸೆನ್ಸರ್ ತೊಳದು, ಮತ್ತ ಅಡಗಿಗೆ ಬಳಸದ ಒಂದು ಹಳೇ ಪಾತೇಲ್ಯಾಗ ನೀರಿಟ್ಟು, ತುದಿ ಅಷ್ಟ ಮುಳಗೂ ಹಂಗ ಇಕ್ಕಳದಾಗ ಹಿಡದು, ಒಲಿ ಹಚ್ಚಿದೆ. ಮಲ್ಟಿಮೀಟರಿನ ಒಂದು ಕಡ್ಡಿ ಸೆನ್ಸರಿನ ತಲಿಗೆ, ಇನ್ನೊಂದು ಅದರ ಮೈಗೆ. ನೀರು ಕಾಯ್ದಂಗ ಮಲ್ಟಿಮೀಟರಿನ ಓಮ್ ಲೆಕ್ಕಾ ಒಂದೇ ಸಮ ಇಳೀಲಿಕತ್ತು, ಎಲ್ಲೂ ತಡವರಿಸಲಿಲ್ಲ, ಎಲ್ಲೂ ಜಿಗೀಲಿಲ್ಲ. ಗಾಡಿಯಿಂದ ಗಾಡಿಗೆ ಈ ಲೆಕ್ಕಾ ಬ್ಯಾರೆ. ಕಂಪ್ಯೂಟರಿಗೆ ಹೋಗೂ ಸೆನ್ಸರಿನಾಗ ಸಾಮಾನ್ಯವಾಗಿ 20 ಡಿಗ್ರಿಗೆ ಎರಡು–ಮೂರು ಸಾವಿರ ಓಮ್ ಇದ್ದದ್ದು 80 ಡಿಗ್ರಿಗೆ ಮೂರ್ನೂರರ ಸನಿಹ ಬರ್ತದ. ಹಳೇ ಮೀಟರ್ ಸೆನ್ಸರಿನಾಗ ಇನ್ನೂ ಕಡಿಮಿ. ನಾವು ನೋಡಬೇಕಾದ್ದು ಅದು ಕಾವಿನ ಕೂಡ ನಿಯತ್ತಾಗಿ ಇಳೀತದೋ ಇಲ್ಲೋ ಅನ್ನೂದು. ನಮ್ಮದು ಇಳೀತು. ಅಂದ್ರ ಸೆನ್ಸರೂ ಛೋಲೋ!

ಮೀಟರ್ ಸರಿ, ವೈರು ಸರಿ, ಸೆನ್ಸರ್ ಸರಿ. ಮುಳ್ಳು ಮಾತ್ರ ಏಳೂದಿಲ್ಲ. ತಾಯಿ–ಮಗಳು ಮಾರಿ ಮಾರಿ ನೋಡ್ಕೊಂಡ್ವಿ. ಮತ್ತ ಮಾವಗ ಫೋನ್. "ಅದರ ಮರಿಗೆ ಏನರ ಸುತ್ಯಾರೇನು ನೋಡವಾ" ಅಂದ್ರು.

ನೋಡಿದ್ರ ಹೌದು. ಬಿಳೇ ಟೆಫ್ಲಾನ್ ಟೇಪು! ನಳದ ಕೆಲಸದವರು ಸುತ್ತತಾರಲ್ಲ, ಅದಽ, ಮಂದಕ್ಕ, ಹೂವಿನ ದಂಡಿ ಸುತ್ತಿಧಂಗ ಸುತ್ತಿದ್ರು. ಆವಾಗ ನೆನಪಾತು. ಮಳಿಗಾಲದಾಗ ನೀರು ಜಿನುಗಿದ್ದು ಈ ಸೆನ್ಸರಿನ ಬುಡದಿಂದ. ಸೋರೂದು ನಿಲ್ಲಲಿ ಅಂತ ಟೇಪ್ ಸುತ್ತಿ ಬಿಗದಿದ್ರು. ಸೋರೂದೇನೋ ನಿಂತಿತು, ಆದ್ರ ಕರೆಂಟು ಸೆನ್ಸರಿನ ಮೈಯಿಂದ ಇಂಜಿನ್ನಿಗೆ ಇಳಿಯೂ ದಾರೀನೂ ಮುಚ್ಚಿ ಹೋತು. ಪಾತೇಲ್ಯಾಗ ಪರೀಕ್ಷಾ ಮಾಡಬೇಕಾರ ನಾನಽ ಕಡ್ಡೀನ್ನ ಸೆನ್ಸರಿನ ಮೈಗೆ ಹಿಡದಿದ್ದೆ, ಹಂಗಾಗಿ ಅಲ್ಲಿ ತಪ್ಪು ಕಾಣಲಿಲ್ಲ. ಟೇಪ್ ಬಿಡಿಸಿ, ಮರಿ ತಿಕ್ಕಿ, ತಾಮ್ರದ ಹೊಸಾ ವಾಷರ್ ಹಾಕಿ ಬಿಗದ್ವಿ. ಕೂಲಂಟ್ ತುಂಬಿ, ಗಾಳಿ ಹೋಗೂತನಕ ಕಾಯ್ದು, ಇಂಜಿನ್ ಚಾಲೂ ಮಾಡಿದ್ವಿ. ಎಂಟು ನಿಮಿಷದಾಗ ಮುಳ್ಳು ಸಾವಕಾಶ ಎದ್ದು ನಡುವ ಬಂದು ನಿಂತಿತು. ಖರ್ಚು ಇಪ್ಪತ್ತು ರೂಪಾಯಿ ವಾಷರು.

ಇಪ್ಪತ್ತು ರೂಪಾಯಿ! ಇದನ್ನ ಎಂಟು ತಿಂಗಳ ಹಿಂದ ನೋಡಿದ್ರ ಇಪ್ಪತ್ನಾಲ್ಕು ಸಾವಿರ ಉಳೀತಿತ್ತು. ಅದಕ್ಕಿಂತ ದೊಡ್ಡ ಮಾತಂದ್ರ, ಎಪ್ಪತ್ತಾರು ವರ್ಷದ ಅತ್ತಿಯವರು ಮಾರ್ಚ್ ಬಿಸಲಾಗ ಘಟ್ಟದ ತಿರುವಿನಾಗ ಲಾರಿ ನಡುವ ಕೂಡೂದು ತಪ್ತಿತ್ತು. ಅವರ ಮೂಗು ಇರದಿದ್ರ ಇಂಜಿನ್ ಪೂರಾ ಹಿಡದು, ನಡುರಸ್ತ್ಯಾಗ ಗಾಡಿ ನಿಂತು ಏನಾಗ್ತಿತ್ತೋ, ಈಗ ನೆನಸ್ಕೊಂಡ್ರೂ ಕೈಕಾಲು ತಣ್ಣಗಾಗ್ತಾವ.

ಇದಕ್ಕ ಎದುರು ಮಾತು ಇಲ್ಲಂತಲ್ಲ. ನಮ್ಮ ನೆಗೆಣ್ಣಿ ಅಂದ್ಲು, "ಅಕ್ಕಾ, ಈಗಿನ ಎಷ್ಟೋ ಸಣ್ಣ ಗಾಡ್ಯಾಗ ಈ ಮುಳ್ಳಽ ಇಲ್ಲ. ಕಂಪನಿಯವರಿಗೆ ಬ್ಯಾಡಾದ್ದು ನಮಗ್ಯಾಕ?" ಖರೇ ಅದ. ಅಂಥಾ ಗಾಡ್ಯಾಗ ನೀಲಿ ದೀಪ, ಕೆಂಪು ದೀಪ ಅಷ್ಟ. ಇಂಜಿನ್ ಇನ್ನೂ ಥಂಡ್ ಇದ್ರ ನೀಲಿ, ಅತಿ ಕಾಯ್ದ್ರ ಕೆಂಪು. ಆದ್ರ ಅಲ್ಲಿ ಮುಳ್ಳಿನ ಕೆಲಸಾ ದೀಪ ಮಾಡ್ತದ. ಆ ದೀಪ ಕೆಟ್ಟು ಹತ್ತದಽ ಇದ್ರ "ಆರಾಮ ಓಡಸ್ರಿ" ಅಂತೀರೇನು? ಕೆಂಪು ದೀಪ ಬಂದಾಗ "ಮನೀತನಕ ಹೋಗೋಣು, ಎರಡಽ ಕಿಲೋಮೀಟರ್ ಅದ" ಅನ್ನೂವರಿಗೂ ನಂದು ಇದಽ ಮಾತು. ಎಸಿ ಬಂದ್ ಮಾಡಿ, ಬಿಸಿಗಾಳಿ ಹೀಟರ್ ಪೂರಾ ಬಿಟ್ಟು, ಬಾಜೂಕ ಜಾಗಾ ಸಿಕ್ಕಲ್ಲೆ ನಿಲ್ಲಿಸಿ ಇಂಜಿನ್ ಬಂದ್ ಮಾಡಬೇಕು. ಅರ್ಧಾ ತಾಸಾದ್ರೂ ಮುಚ್ಚಳಾ ಮುಟ್ಟಬಾರದು. ಕಾಯ್ದ ಇಂಜಿನ್ ಮ್ಯಾಲೆ ತಣ್ಣೀರು ಸುರುವಬಾರದು. ಕಾಯ್ದ ಗಾಜಿನ ಬರಣಿಗೆ ತಣ್ಣೀರು ಹಾಕಿದ್ರ ಏನಾಗ್ತದ, ನಿಮಗ ಹೇಳೂದು ಬ್ಯಾಡ.

ನಮ್ಮನಿಯವರ ಮಾತು ಬ್ಯಾರೆ. "ನಮ್ಮಪ್ಪನ ಅಂಬಾಸಿಡರ್ ಕಾಲದಾಗ ಮೀಟರ್ ಯಾರು ನೋಡ್ತಿದ್ರು?" ಅಂತಾರ. ಅತ್ತಿಯವರಽ ಅದಕ್ಕ ಉತ್ತರಾ ಕೊಟ್ರು. "ನೋಡ್ತಿದ್ದಿಲ್ಲ, ಖರೇ. ಆದ್ರ ನಿಮ್ಮಪ್ಪ ಘಟ್ಟ ಹತ್ತೂಕ್ಕಿಂತ ಮೊದ್ಲ ಗಾಡಿ ನಿಲ್ಲಸ್ತಿದ್ರು, ಹತ್ತಿ ಮುಗದ ಮ್ಯಾಲೆ ನಿಲ್ಲಸ್ತಿದ್ರು. ಕೊಡಪಾನದಾಗ ನೀರು ಇರ್ತಿತ್ತು. ನೀ ಏನಿಟ್ಟಿದ್ದೀ? ಎಸಿ ಇಟ್ಟಿದ್ದೀ!" ಮನಿ ಮಂದಿ ಎಲ್ಲಾ ನಕ್ಕಿದ್ದಽ ನಕ್ಕಿದ್ದು. ಅವರು ಹೇಳಿದ್ದು ಸರಿ. ಆಗಿನವರು ಮೀಟರ್ ನಂಬ್ತಿದ್ದಿಲ್ಲ, ಅದಕ್ಕ ತಾವು ಎಚ್ಚರ ಇರ್ತಿದ್ರು. ನಾವು ಎಚ್ಚರಿಕಿನ ಮೀಟರಿಗೆ ಒಪ್ಪಿಸಿ, ಆ ಮೀಟರ್ ಸತ್ತಾಗ ಎರಡನ್ನೂ ಬಿಟ್ಟೇವಿ.

ಇನ್ನ ಮೂಲಿಮನಿ ವೈನಿ ಗಾಡಿ ಏನಾತು ಅಂತ ಕೇಳ್ತೀರಿ. ಅವರದು ಹೊಸಾ ನಮೂನಿ ಪೆಟ್ರೋಲ್ ಗಾಡಿ, ವೈರು ಮುಟ್ಟಿಸೂ ಮಾತಿಲ್ಲ. ನನ್ನ ಮಗಳು ಗೆಳತಿ ಕಡೆಯಿಂದ ಸ್ಟೇರಿಂಗ್ ಕೆಳಗ ಚುಚ್ಚೂ ಸಣ್ಣ ಸ್ಕ್ಯಾನರ್ ತಂದ್ಲು. ಅದನ್ನ ಮೊಬೈಲಿಗೆ ಕೂಡಿಸಿದ್ರ ಇಂಜಿನ್ ಎಷ್ಟು ಡಿಗ್ರಿ ಅದ ಅಂತ ಅಂಕಿಯಾಗಽ ಕಾಣ್ತದ. ಆಯಿತವಾರ ಮೂವರೂ ಬೈಪಾಸಿಗೆ ಹೋದ್ವಿ. ಅರ್ಧಾ ತಾಸು ಓಡಿದ ಮ್ಯಾಲೂ ಮೊಬೈಲಿನಾಗ 58, 60, 61. ಮುಳ್ಳು ತಳದಿಂದ ಕೂದಲೆಳಿಯಷ್ಟು ಮ್ಯಾಲೆ. ಒಂದು ಕಡೆ ನಿಂತು ಇಂಜಿನ್ ಚಾಲೂ ಇಟ್ರ ಸಾವಕಾಶ 80ಕ್ಕ ಬಂತು, ಮುಳ್ಳೂ ಅದರ ಜೋಡಿ ಏರಿತು. ಮತ್ತ ಓಡಿಸಿದ್ರ, ಗಾಳಿ ಬಡದು ಮತ್ತ ಇಳೀತು.

ನೀವಽ ಹೇಳ್ರಿ, ಮೀಟರ್ ಕೆಟ್ಟಿತ್ತೇನು? ಇಲ್ಲ! ಅದು ಖರೇನಽ ಹೇಳ್ತಿತ್ತು. ಇಂಜಿನ್ ಖರೇನಽ ಕಾಯ್ತಿದ್ದಿಲ್ಲ. ಥರ್ಮೋಸ್ಟ್ಯಾಟ್ ಬಾಗಲಾ ತಗದದ್ದು ತಗದಂಗಽ ಸಿಕ್ಕೊಂಡಿತ್ತು, ಹಿಂಗಾಗಿ ನೀರು ಯಾವಾಗ್ಲೂ ರೇಡಿಯೇಟರಿಗೆ ಹೋಗಿ ಅತೀ ಆರ್ತಿತ್ತು. ಥಂಡ್ ಇಂಜಿನ್ನಿಗೆ ಗಾಡಿ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಹಾಕ್ತದ, ಒಳಗ ಸವಕಳೀನೂ ಹೆಚ್ಚು. "ಅದಕ್ಕಽ ದೀಪಾವಳಿಯಿಂದ ಪೆಟ್ರೋಲ್ ಭಾಳ ಕುಡೀಲಿಕತ್ತದ ಅನ್ನಿ" ಅಂತ ವೈನಿ ಹಣಿ ಬಡ್ಕೊಂಡ್ರು. ಹೊಸಾ ಥರ್ಮೋಸ್ಟ್ಯಾಟ್ ಹಾಕಿಸಿದ್ರು. ಈಗ ಮುಳ್ಳು ನಡುವ ನಿಲ್ತದ.

ನೋಡ್ರಿ, ಎರಡು ಮನಿ, ಎರಡು ಗಾಡಿ. ಎರಡೂ ಕಡೆ "ಮೀಟರ್ ಅಷ್ಟ ಕೆಟ್ಟದ" ಅಂದ್ರು. ಎರಡೂ ಕಡೆ ಮೀಟರ್ ಕೆಟ್ಟಿರಲಽ ಇಲ್ಲ. ನಮ್ಮದರಾಗ ಅದರ ಬಾಯಿಗೆ ಟೇಪ್ ಸುತ್ತಿದ್ರು. ವೈನಿಯವರದು ಖರೇ ಹೇಳಿದ್ರೂ ಯಾರೂ ಕೇಳಲಿಲ್ಲ. ಸುಮ್ಮನಾಗಿಸೂದು, ಇಲ್ಲಾ ಕೇಳದಽ ಇರೂದು. ಮನ್ಯಾಗ "ನಂಗ ತಲಿ ತಿರಗ್ತದ" ಅನ್ನೂ ಹೆಂಗಸರಿಗೂ ಇದಽ ಆಗ್ತದ ಅಂತ ಅತ್ತಿಯವರು ಅಂದ್ರು. ನಾ ಏನೂ ಅನ್ನಲಿಲ್ಲ, ಅವರ ಬಿಪಿ ನೋಡಸ್ಲಿಕ್ಕೆ ಮರುದಿವಸಾನಽ ಕರಕೊಂಡು ಹೋದೆ.

ಅದಕ್ಕ ನನ್ನ ಕೇಳಿಕಿ ಇಷ್ಟ. ನಾಳೆ ಮುಂಜಾನೆ ಗಾಡಿ ಚಾಲೂ ಆದಾಗ, ನೀವು ಹೊಡೀರಿ ಇಲ್ಲಾ ಬಾಜೂಕ ಕೂಡ್ರಿ, ಮುಳ್ಳಿನ ಕಡೆ ಕಣ್ಣು ಹಾಕ್ರಿ. ಚಾಲೂ ಮಾಡಿದಾಗ ತಳದಾಗ ಇರಬೇಕು. ಐದು–ಹತ್ತು ನಿಮಿಷ ಓಡಿದ ಮ್ಯಾಲೆ ನಡುವಿನ ಕಡೆ ಬರಬೇಕು. ಬಂದ ಮ್ಯಾಲೆ ಅಲ್ಲೇ ನಿಲ್ಲಬೇಕು. ದೀಪದ ಗಾಡಿ ಇದ್ರ, ಕೀಲಿ ತಿರುವಿದ ಕೂಡಲೇ ಕೆಂಪು ದೀಪ ಒಮ್ಮೆ ಹತ್ತಿ ಆರ್ತದೋ ಹೆಂಗ, ಗಾಡಿ ಪುಸ್ತಕದಾಗ ನೋಡ್ಕೋರಿ. ಇದರಾಗ ಒಂದು ತಪ್ಪಿದ್ರೂ ಅವತ್ತಽ ಹೇಳ್ರಿ. ಗ್ಯಾರೇಜಿನವರು "ಇದು ಬದಲ ಮಾಡಬೇಕು" ಅಂದ್ರ, "ಏನು ಪರೀಕ್ಷಾ ಮಾಡಿ ತಿಳ್ಕೊಂಡ್ರಿ?" ಅಂತ ಕೇಳ್ರಿ. ನಗಲಿ ಬಿಡ್ರಿ. ಛೋಲೋ ಮಿಸ್ತ್ರಿ ಇದ್ರ ನಗೂದಿಲ್ಲ, ಖುಷಿಲೆ ತೋರಸ್ತಾನ.

ನಮ್ಮನಿಯವರು ಈಗ ಘಟ್ಟ ಬಂತಂದ್ರ ಎಸಿ ತಾವಽ ಬಂದ್ ಮಾಡ್ತಾರ. ಬಾಯಿಬಿಟ್ಟು ಏನೂ ಹೇಳೂದಿಲ್ಲ. ಆದ್ರ ನಡುನಡುವ "ಮುಳ್ಳು ಎಲ್ಲದ ನೋಡಽ" ಅಂತ ನನ್ನನ್ನಽ ಕೇಳ್ತಾರ. ಅಷ್ಟ ಸಾಕು.